ಕೈತೊಳೆದು ಮುಟ್ಟುವ ಪುಸ್ತಕ

ನಮ್ಮ ಸೊಸೈಟಿಯ ಮೂರನೇ ಮಹಡಿಯ ಕಾಕಾ ಪುಸ್ತಕ ತೋರಿಸುವ ಮುಂಚೆ ಕೈತೊಳೆದು ಬರಲು ಹೇಳುತ್ತಾರೆ. ಅವರ ಮನೆಯ ಸತ್ಯನಾರಾಯಣ ಪೂಜೆಗೂ ಇಷ್ಟು ಮಡಿ ಇಲ್ಲ. ಗಾಜಿನ ಕಪಾಟಿನ ಬೀಗ ತೆಗೆದು, ಬಟ್ಟೆ ಹೊದಿಸಿದ ಪೆಟ್ಟಿಗೆ ಬಿಚ್ಚಿ, ಕೋಟೆಗಳ ಚಿತ್ರಗಳಿರುವ ದೊಡ್ಡ ಪುಸ್ತಕವನ್ನು ಮೇಜಿನ ಮೇಲೆ ಇಳಿಸುತ್ತಾರೆ. ಮೊದಲು ತೋರಿಸುವುದು ಕೊನೆಯ ಪುಟ: ಚಿತ್ರಕಾರರ ಸಹಿ, ಪಕ್ಕದಲ್ಲಿ ಪ್ರತಿಯ ಸಂಖ್ಯೆ.

"ಓದಿ ಆಯ್ತಾ ಕಾಕಾ?" ಅಂದೆ.

"ಛೇ, ಇದನ್ನ ಯಾರಾದರೂ ಓದ್ತಾರಾ? ಹೊಲಿಗೆ ಸಡಿಲ ಆಗುತ್ತೆ. ಓದೋದಕ್ಕೆ ಲೈಬ್ರರಿಯಿಂದ ಬೇರೆ ತಂದಿದ್ದೆ."

ನಗಬಾರದು. ಪುಣೆಯಲ್ಲಿ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿ ಸಾಲಿದೆ, ಬುಧವಾರ ಮತ್ತು ಭಾನುವಾರ ನೆರೆಯುವ ಜೂನಾ ಬಾಜಾರ್ ಇದೆ, 1848ರಲ್ಲಿ ಶುರುವಾದ ನಗರ ವಾಚನ ಮಂದಿರ ಇದೆ. ಓದುವವನಿಗೆ ಇಲ್ಲಿ ಬರವಿಲ್ಲ. ಹಾಗಾಗಿ ಕಾಕಾ ದುಡ್ಡು ಕೊಟ್ಟದ್ದು ಓದಿಗಲ್ಲ, ಆ ಸಂಖ್ಯೆಗೆ. ಅದು ಬೇರೆಯೇ ಹಸಿವು.

ಆ ಹಸಿವಿನ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದದ್ದು 1935ರ ಅಮೆರಿಕದ ಪ್ರಸಂಗ. ಲಿಮಿಟೆಡ್ ಎಡಿಷನ್ಸ್ ಕ್ಲಬ್ ಎಂಬ ಸಂಸ್ಥೆ ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕಾದಂಬರಿಯ 1500 ಪ್ರತಿ ಅಚ್ಚು ಹಾಕಿಸಿತು. ಚಿತ್ರಗಳು ಹೆನ್ರಿ ಮಾತೀಸ್‌ನವು. ಎಲ್ಲ ಪ್ರತಿಗಳಿಗೂ ಅವನ ಸಹಿ. 250ಕ್ಕೆ ಮಾತ್ರ ಜಾಯ್ಸ್‌ನದೂ. ಮಜಾ ಏನೆಂದರೆ ಮಾತೀಸ್ ಚಿತ್ರ ಬರೆದದ್ದು ಜಾಯ್ಸ್‌ನ ಡಬ್ಲಿನ್‌ಗಲ್ಲ, ಹೋಮರ್‌ನ 'ಒಡಿಸ್ಸಿ'ಗೆ. ಚಿತ್ರಕಾರನೇ ಕಾದಂಬರಿಯನ್ನು ಪಕ್ಕಕ್ಕಿಟ್ಟ ಮೇಲೆ ಕೊಂಡವರನ್ನು ಓದಿ ಎಂದು ಒತ್ತಾಯ ಮಾಡುವುದು ಹೇಗೆ?

ನಮ್ಮಲ್ಲೂ ಒಂದಿದೆ, ಇನ್ನೂ ಸೊಗಸಾದದ್ದು. ಸಂವಿಧಾನವನ್ನು ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ ಕೈಯಲ್ಲಿ ಬರೆದರು, ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದವರು ಪುಟಗಳನ್ನು ಸಿಂಗರಿಸಿದರು, ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾ 1000 ಪ್ರತಿ ಮುದ್ರಿಸಿತು. ಅದರಲ್ಲೊಂದು 2024ರ ಹರಾಜಿನಲ್ಲಿ 48 ಲಕ್ಷ ರೂಪಾಯಿಗೆ ಹೋಯಿತು. ಆದರೆ ಅದನ್ನು ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. ಆಮೇಲೆ ಬಂದ ನೂರಕ್ಕೂ ಹೆಚ್ಚು ತಿದ್ದುಪಡಿಗಳು ಅದರಲ್ಲಿಲ್ಲ. ಆಸ್ತಿಯ ಹಕ್ಕು ಅದರೊಳಗೆ ಇನ್ನೂ ಮೂಲಭೂತ ಹಕ್ಕಾಗಿಯೇ ಕೂತಿದೆ. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದ ಸುದ್ದಿ ಆ ಪ್ರತಿಗೆ ಮುಟ್ಟಿಲ್ಲ. ಇಷ್ಟು ಬೆಲೆಬಾಳುವ ಆಸ್ತಿಗೆ ಅದು ಒಪ್ಪುತ್ತದೆ ಬಿಡಿ. ಇವತ್ತಿನ ಕಾನೂನು ಬೇಕಾದವರು ಅಂಗಡಿಯ ಅಗ್ಗದ ಪ್ರತಿಯನ್ನೇ ಕೊಳ್ಳಬೇಕು.

ಹಾಗಂತ ಚಂದದ ಪುಸ್ತಕದ ಆಸೆ ದಂಡವೆಂದು ನಾನು ಹೇಳುವುದಿಲ್ಲ. ಪುಣೆಯಲ್ಲಿ ಅದು ಒಂದು ದೊಡ್ಡ ಕೆಲಸವನ್ನೇ ಮಾಡಿಸಿದೆ. ಔಂಧ್ ಸಂಸ್ಥಾನದ (ಈಗಿನ ಐಟಿ ಕಚೇರಿಗಳ ಔಂಧ್ ಅಲ್ಲ, ಸಾತಾರಾ ಕಡೆಯದು) ಬಾಳಾಸಾಹೇಬ ಪಂತ ಪ್ರತಿನಿಧಿ ಸ್ವತಃ ಚಿತ್ರಕಾರರು. ಸೂರ್ಯನಮಸ್ಕಾರವನ್ನು ಮನೆಮಾತು ಮಾಡಿದವರೂ ಅವರೇ. ಅವರಿಗೆ ಬೇಕಾಗಿದ್ದದ್ದು ಚಿತ್ರಗಳಿರುವ ಒಂದು ಮಹಾಭಾರತ. ಅದಕ್ಕೆ ಲಕ್ಷ ರೂಪಾಯಿ ಕೊಡುವ ಮಾತಾಡಿದರು. ಹಾಗೆ 1917ರಲ್ಲಿ ಹುಟ್ಟಿದ್ದ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ 1919ರಲ್ಲಿ ಮಹಾಭಾರತದ ಕೆಲಸ ಹಿಡಿಯಿತು. ಮುಗಿದದ್ದು 1966ರಲ್ಲಿ. ರಾಜರು ಕೇಳಿದ್ದು ನೋಡುವ ಪುಸ್ತಕ; ಸುಕ್ತಂಕರ್, ಬೆಲ್ವಲ್ಕರ್ ಮೊದಲಾದ ಪಂಡಿತರು ನೂರಾರು ಹಸ್ತಪ್ರತಿಗಳನ್ನು ತಾಳೆ ಹಾಕಿ ಕೊಟ್ಟದ್ದು ಕಣ್ಣಿಗೆ ಕಷ್ಟ ಕೊಡುವ ಹತ್ತೊಂಬತ್ತು ಸಂಪುಟ!

ಲಾ ಕಾಲೇಜ್ ರಸ್ತೆಯ ಆ ಸಂಸ್ಥೆಯಲ್ಲಿ ಒಂದು ಸಂಪುಟ ಬಿಡಿಸಿ ಕೂತಿದ್ದೇನೆ. ಮೇಲೆ ಕೆಲವು ಶ್ಲೋಕ, ಕೆಳಗೆ ಇರುವೆ ಸಾಲಿನಂಥ ಪಾಠಾಂತರಗಳು. ಕೆಲವು ಪದಗಳ ಅಡಿಯಲ್ಲಿ ಅಲೆಯಲೆಯಾದ ಗೆರೆ: ಈ ಪಾಠ ಖಚಿತವಲ್ಲ ಎಂದು ಸಂಪಾದಕರು ತಾವಾಗಿ ಒಪ್ಪಿಕೊಂಡ ಗುರುತು. ಚಿನ್ನದ ಅಂಚಿಗಿಂತ ನನಗೆ ಆ ಗೆರೆಯೇ ಸಿರಿವಂತವಾಗಿ ಕಂಡಿತು. ಪೂರ್ತಿ ಸೆಟ್ ಮನೆಗೆ ತರಬೇಕೆಂಬ ಆಸೆಯೂ ಹುಟ್ಟಿತು, ಸುಳ್ಳೇಕೆ?

"ಅಲ್ರೀ, ಇದನ್ನೆಲ್ಲಾ ಎಲ್ಲಿ ಇಡೋದು?" ಎಂದಳು ಹೆಂಡತಿ. ಯಾವಾಗ ಓದ್ತೀರಿ ಎಂದು ಕೇಳಲಿಲ್ಲ. ಅಷ್ಟು ಮರ್ಯಾದೆ ಉಳಿಸಿದಳು.

ಮನೆಯಲ್ಲಿ ಓದಿಸಿಕೊಳ್ಳುವ ಭಾರತ ಬೇರೆಯೇ ಇದೆ. ಕುವೆಂಪು, ಮಾಸ್ತಿ ಸಂಪಾದಿಸಿದ 'ಕರ್ಣಾಟ ಭಾರತ ಕಥಾಮಂಜರಿ', ಮೈಸೂರು ಸರ್ಕಾರ 1958ರಲ್ಲಿ ಸುಲಭ ಬೆಲೆಗೆ ತಂದದ್ದು. ಧಾರವಾಡದಿಂದ ಇಲ್ಲಿಗೆ ಬರುವಾಗ ಅಪ್ಪನ ಟ್ರಂಕಿನಿಂದ ಎತ್ತಿಕೊಂಡು ಬಂದೆ. ಹಾಳೆ ಬೆಲ್ಲದ ಬಣ್ಣಕ್ಕೆ ತಿರುಗಿದೆ, ವಿರಾಟಪರ್ವದ ಹತ್ತಿರ ಹೊಲಿಗೆ ಬಿಟ್ಟಿದೆ, ಉತ್ತರನ ಪೌರುಷ ಇರುವ ಪುಟದಲ್ಲಿ ಎಣ್ಣೆಯ ಬೆರಳಚ್ಚು. ನಾಲ್ಕು ಜನ ನಕ್ಕ ಜಾಗ ಅದು. ಈ ಪ್ರತಿಗೆ ಯಾವ ಹರಾಜಿನಲ್ಲೂ ಕೂಗು ಏಳುವುದಿಲ್ಲ.

ದುಬಾರಿ ಪುಸ್ತಕ ಕೊಳ್ಳುವವರು ಕೊಳ್ಳಲಿ. ಒಳ್ಳೆಯ ಕಾಗದ, ಒಳ್ಳೆಯ ಹೊಲಿಗೆ ಬಲ್ಲ ಕೈಗಳಿಗೆ ಅದರಿಂದ ಕೆಲಸ ಸಿಗುತ್ತದೆ. ಆದರೆ ಅದರ ಜೊತೆಗೆ ಒಂದು ಅಗ್ಗದ ಪ್ರತಿಯನ್ನೂ ತರಿಸಿಡಿ. ಮನೆಗೆ ಬಂದ ಹುಡುಗರು ಕೈ ತೊಳೆಯದೆ ಎತ್ತಿಕೊಳ್ಳಲಿ.