ಕವಳದ ಬಗ್ಗೆ ಎರಡು ಮಾತು

ನಮ್ಮ ಮಲೆನಾಡಿನಲ್ಲಿ ಮನೆಗೆ ಬಂದವರ ಮುಂದೆ ಎಲೆ ಅಡಿಕೆಯ ತಟ್ಟೆ ಇಡದಿದ್ದರೆ ಉಪಚಾರ ಪೂರ್ಣವಾದಂತಲ್ಲ. ನನ್ನ ಓದಿನ ಖರ್ಚು ಹುಟ್ಟಿದ್ದು ತಂದೆಯವರ ಅಡಿಕೆ ತೋಟದಿಂದಲೇ. ಇದನ್ನು ಓದುವ ನಿಮ್ಮಲ್ಲಿಯೂ ಅನೇಕರು ತೋಟದ ಮನೆಯವರು. ಆದ್ದರಿಂದ ಇಂದಿನ ವಿಷಯ ಕೆಲವರಿಗೆ ಕಹಿಯೆನಿಸಬಹುದು, ಆದರೂ ಬರೆಯದಿರಲಾರೆ.

ನನ್ನೊಡನೆ ಹಲವು ವರ್ಷ ಗಣಿತ ಕಲಿಸಿದ ಸಹೋದ್ಯೋಗಿಯೊಬ್ಬರಿದ್ದರು. ಬೀಡಿ, ಸಿಗರೇಟು, ಮದ್ಯ ಯಾವುದನ್ನೂ ಮುಟ್ಟಿದವರಲ್ಲ, ಹೊಗೆಸೊಪ್ಪೂ ಇಲ್ಲ. ದಿನಕ್ಕೆ ಹತ್ತಾರು ಕವಳ ಮಾತ್ರ. "ಬರೀ ಅಡಿಕೆಯಿಂದ ಏನಾಗುತ್ತದೆ ಮಾರಾಯ್ರೆ?" ಎನ್ನುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಸಾರಿನ ಖಾರ ತಾಳದಾಯಿತು. ಬಳಿಕ ತುತ್ತು ಅನ್ನಕ್ಕೂ ಬಾಯಿ ತೆರೆಯುವುದು ಕಷ್ಟವಾಯಿತು. ವೈದ್ಯರಲ್ಲಿಗೆ ಹೋಗುವಷ್ಟರಲ್ಲಿ ಕೆನ್ನೆಯ ಒಳಗಿನ ಹುಣ್ಣು ಗಂಟಾಗಿತ್ತು. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಎಲ್ಲ ಆಗಿಯೂ ಅವರು ಉಳಿಯಲಿಲ್ಲ. ಕೊನೆಯ ಬೆಂಚಿಗೂ ಸ್ಪಷ್ಟವಾಗಿ ಕೇಳುತ್ತಿದ್ದ ದನಿಯವರು ಕೊನೆಯ ತಿಂಗಳುಗಳಲ್ಲಿ ಹೇಳಬೇಕಾದುದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸುತ್ತಿದ್ದರು.

ಅವರ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟು ಬಹಳ ಕಾಲವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಬೆರೆಸಿದ ತಾಂಬೂಲವು ಕ್ಯಾನ್ಸರ್‌ಕಾರಕವೆಂದು 1985ರಲ್ಲಿಯೇ ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್ ಮೊದಲಾದ ರಾಸಾಯನಿಕಗಳ ಪ್ರಭಾವದಿಂದ ಕೆನ್ನೆಯ ಮೃದುವಾದ ಒಳಪದರವು ಕ್ರಮೇಣ ನಾರುಗಟ್ಟಿ ಬಿಗಿಯುತ್ತದೆ. ಹೀಗೆ ಬಿಗಿದ ಬಾಯಿಯಲ್ಲಿ ಕ್ಯಾನ್ಸರ್ ತಲೆದೋರುವ ಸಂಭವ ಹೆಚ್ಚು. ಹೊಗೆಸೊಪ್ಪು, ಧೂಮಪಾನ, ಮದ್ಯ ಜೊತೆಗೂಡಿದರೆ ಅಪಾಯ ಮತ್ತಷ್ಟು ಏರುತ್ತದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ನಿಜ. ಆದರೆ ಪಾನ್ ಮಸಾಲೆಯ ಪೊಟ್ಟಣದೊಳಗೆ ಇರುವುದೂ ಅಡಿಕೆಯೇ.

ಇಷ್ಟಾದರೂ ಒಂದು ಸಮಾಧಾನವಿದೆ. ಹೊಟ್ಟೆಯ ಅಥವಾ ಶ್ವಾಸಕೋಶದ ಕ್ಯಾನ್ಸರಿನಂತೆ ಇದು ಕಣ್ಣಿಗೆ ಮರೆಯಾಗಿ ಬೆಳೆಯುವುದಲ್ಲ. ಕನ್ನಡಿ ಮತ್ತು ಒಳ್ಳೆಯ ಬೆಳಕು ಇದ್ದರೆ ಬಾಯಿಯ ಬಹುಭಾಗವನ್ನು ನಾವೇ ನೋಡಿಕೊಳ್ಳಬಹುದು. ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿತು. ಯಂತ್ರವಿಲ್ಲ, ಸೂಜಿಯಿಲ್ಲ, ಬರಿಯ ನೋಟ!

ಆದ್ದರಿಂದ ಕವಳದ ಅಭ್ಯಾಸವಿರುವವರು ತಿಂಗಳಿಗೊಮ್ಮೆ ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಅಂಚು ಮತ್ತು ಅಡಿಭಾಗಗಳನ್ನು ನೋಡಿಕೊಳ್ಳಿರಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಗಂಟು, ಖಾರ ತಾಗಿದರೆ ಉರಿ, ಮೂರು ಬೆರಳು ಒಟ್ಟಿಗೆ ಹೋಗದಷ್ಟು ಬಿಗಿದ ಬಾಯಿ – ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರಿಗೆ ತೋರಿಸಿರಿ. ನೋವಿಲ್ಲವೆಂದು ಕಾಯಬೇಡಿ, ಆರಂಭದಲ್ಲಿ ನೋವಿರದಿರುವುದೇ ಈ ರೋಗದ ಮೋಸ. ಒಮ್ಮೆ ಬಿಗಿದ ಬಾಯಿ ಮೊದಲಿನಂತಾಗುವುದು ಕಷ್ಟ. ಆದರೆ ಕವಳ ಬಿಟ್ಟವರಿಗೆ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ.

ಹಾಗಾದರೆ ತೋಟದ ಗತಿಯೇನು ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ಅನ್ನ ಕೊಟ್ಟ ಬೆಳೆಯೆಂಬ ಕೃತಜ್ಞತೆ ನನಗೂ ಇದೆ. ಆದರೆ ಆ ಕೃತಜ್ಞತೆಗಾಗಿ ಮಕ್ಕಳೆದುರು ಸತ್ಯವನ್ನು ಮರೆಮಾಚುವುದು ಮೇಷ್ಟರಾದವರಿಗೆ ಸಲ್ಲದು. ತಾಂಬೂಲ ದೇವರ ಮುಂದಿರಲಿ, ಮದುವೆಯ ಶಾಸ್ತ್ರದಲ್ಲಿರಲಿ, ಬಾಯಿಗೆ ಬೇಡ.