ಹಳೇ ಬ್ರನೋ ಆರಿಸುವಾಗ

ನಮ್ಮ ದೇಶದಲ್ಲಿ ಹಳೇ ಪಾಯಿಂಟ್ ಟೂ ಟೂ ರೈಫಲ್ ಅಂದರೆ ಮೊದಲು ನೆನಪಾಗೋದು ಬ್ರನೋ ಮಾಡೆಲ್ 2. ಆಗಿನ ಚೆಕೊಸ್ಲೊವಾಕಿಯಾದ ಮಾಲು. 1980ರ ದಶಕದಲ್ಲಿ ಸಾಮಾನ್ಯರಿಗೆ ಆಮದು ನಿಂತಿತು. ಅಂದಿನಿಂದ ಇದ್ದವೇ ಕೈಯಿಂದ ಕೈಗೆ ಓಡಾಡುತ್ತಿವೆ, ಬೆಲೆಯೂ ಹಾಗೇ!

ನಾಸಿಕ್‌ನಲ್ಲಿ ಒಂದು ನೋಡಿದೆ, ಹೊಸ ಪಾಲಿಶ್, ಫಳಫಳ. ಸಂಭಾಜಿನಗರದಲ್ಲಿ (2023ರವರೆಗೆ ಔರಂಗಾಬಾದ್) ಇನ್ನೊಂದು: ಮರದ ತುಂಬ ಗೀರು, ಕಬ್ಬಿಣದ ಕಪ್ಪು ಮಾಸಿದೆ. ಆದರೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಕಥೆಯೇ ಬೇರೆ. ಮೊದಲನೆಯದರಲ್ಲಿ ತುಕ್ಕಿನ ಗುಳಿಗಳು, ಎರಡನೆಯದು ಕನ್ನಡಿ.

ಈ ಗುಂಡು ಮೆತ್ತನೆ ಸೀಸ, ಒತ್ತಡವೂ ಕಡಿಮೆ. ಹೊಡೆದು ಹೊಡೆದು ನಳಿಗೆ ಸವೆಯೋದು ಅಪರೂಪ. ಕೆಡೋದು ತುಕ್ಕಿನಿಂದ, ಇಲ್ಲವೇ ಬಾಯಿ ಕಡೆಯಿಂದ ಸರಳು ತುರುಕಿ ಉಜ್ಜೋದರಿಂದ. ಗುಂಡಿಲ್ಲದೆ ಕುದುರೆ ಎಳೆದೆಳೆದು ಗುಂಡು ಕೂರುವ ಗೂಡಿನ ಅಂಚು ನೆಗ್ಗಿದೆಯಾ ಅಂತಲೂ ನೋಡಬೇಕು. 50 ಮೀಟರ್ ಗುರಿಯಲ್ಲಿ ಹತ್ತರ ವೃತ್ತ ಬರೀ 10.4 ಮಿ.ಮೀ.; ಪಾಲಿಶ್ ಅಲ್ಲಿಗೆ ಗುಂಡು ಮುಟ್ಟಿಸೋಲ್ಲ. ಸಂಗ್ರಹಕ್ಕೂ ಮೂಲ ಬಣ್ಣವೇ ಮೇಲು.

2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರಲ್ಲ, ಎರಡೇ ಬಂದೂಕು. ಮಾನ್ಯತೆ ಪಡೆದ ರೈಫಲ್ ಕ್ಲಬ್ ಸದಸ್ಯರಿಗೆ ಗುರಿಯಭ್ಯಾಸದ .22ಕ್ಕೆ ಈ ಮಿತಿಯಿಲ್ಲ. ಕಪಾಟಿನ ಅಲಂಕಾರಕ್ಕೆ ಆ ವಿನಾಯಿತಿ ಸಿಗೋಲ್ಲ. ನನ್ನ ಲೆಕ್ಕದಲ್ಲಿ ಅಪ್ಪನ ಕೋವಿ ಒಂದಿದೆ, ಅದನ್ನು ಬಿಡೋ ಮಾತೇ ಇಲ್ಲ. ಉಳಿದಿರೋದು ಒಂದೇ ಜಾಗ.

ಗೀರು ಬಿದ್ದದ್ದನ್ನೇ ಆರಿಸಿದೆ. ಪರವಾನಗಿಯಲ್ಲಿ ನಮೂದಾಗುವ ತನಕ ಅದು ಹಳೇ ಮಾಲೀಕರ ಬಳಿಯೇ ಇರುತ್ತೆ. ಕೊಡಗಿನ ಗೆಳೆಯರೇ, ನಿಮ್ಮ ಮನೆಯ ಬ್ರನೋ ನಳಿಗೆ ಹೇಗಿದೆ?