ಘಟ್ಟವೇರದ ಪುಟ್ಟ ರೈಲು

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆದರೆ ಈ ನಗರದ ಮಕ್ಕಳ ಮನಸ್ಸನ್ನು ಸೆಳೆದ ರೈಲುಮಾರ್ಗವೆಂದರೆ 1979ರಲ್ಲಿ ಹಾಸನದವರೆಗೂ ತೆರೆದುಕೊಂಡ ಘಟ್ಟದ ದಾರಿಯೇ ಸರಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಣ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಐವತ್ತು ಅಡಿ ನಡೆದರೆ ಒಂದಡಿ ಏರು. ಮೊದಲು ಮೀಟರ್‌ಗೇಜ್ ಆಗಿದ್ದ ಈ ಮಾರ್ಗವು ಬ್ರಾಡ್‌ಗೇಜ್ ಆಗಿ, 2006ರಲ್ಲಿ ಸರಕುಗಾಡಿಗಳಿಗೂ 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿಗಳಿಗೂ ಮತ್ತೆ ತೆರೆಯಿತು.

ನಗರದ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಭೌತವಿಜ್ಞಾನವನ್ನು ಬೋಧಿಸಿದ ಅಧ್ಯಾಪಕರೊಬ್ಬರಿಗೆ, ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿರುವಾಗ, ಈ ಘಟ್ಟದ ದಾರಿಯನ್ನು ಮೇಜಿನ ಮೇಲೆ ನಿರ್ಮಿಸಬೇಕೆಂಬ ಹಂಬಲ ಹುಟ್ಟಿತು. ಕೊಲ್ಲಿ ರಾಷ್ಟ್ರದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ರಜೆಯಲ್ಲಿ ಬಂದಾಗ ಒಂದು ಎಂಜಿನ್, ನಾಲ್ಕು ಗಾಡಿಗಳು ಹಾಗೂ ಒಂದು ಪೆಟ್ಟಿಗೆ ತುಂಬ ಹಳಿತುಂಡುಗಳನ್ನು ತಂದುಕೊಟ್ಟನು. ನಿಜವಾದ ಗಾಡಿಯ ಎಂಬತ್ತೇಳನೆಯ ಒಂದು ಪಾಲಿನಷ್ಟು ಗಾತ್ರ. ಎರಡು ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್ ಅಂತರ. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಯ ಸುತ್ತ ಐವತ್ತಕ್ಕೆ ಒಂದರ ಏರಿನಲ್ಲಿ ಹಳಿ ಸುತ್ತಿಕೊಂಡು ಹೋಗಿ, ಹಳೆಯ ಪತ್ರಿಕೆ ಮತ್ತು ಮೈದಾಗಂಜಿಯಿಂದ ಮಾಡಿದ ಬೆಟ್ಟದೊಳಗಿನ ಸುರಂಗವನ್ನು ಹೊಕ್ಕು ಹೊರಬರುತ್ತಿತ್ತು. ತಂತಿಜೋಡಣೆಯ ಕೆಲಸವನ್ನು ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಒಪ್ಪಿಸಲಾಯಿತು. ಆತ ಬೆಂಗ್ರೆಯವನು, ಹಳೆಯ ಬಂದರಿನವರೆಗೆ ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಬರುತ್ತಿದ್ದವನು. ಮಾತು ಕಡಿಮೆ, ಕೈ ಚುರುಕು.

ಬೇಸಗೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಮಳೆ ಹಿಡಿದ ಮೇಲೆ ತೊಂದರೆ ಮೊದಲಾಯಿತು. ಬಯಲಿನಲ್ಲಿ ಲೀಲೆಯಿಂದ ಸಾಗುವ ಎಂಜಿನ್ ಏರಿನ ನಡುವೆ ಕುಗ್ಗಿ, ಸುರಂಗದ ಬಾಯಲ್ಲಿ ನಿಂತೇಬಿಡುತ್ತಿತ್ತು. ಅಧ್ಯಾಪಕರು ಎಂಜಿನ್ನನ್ನು ಎತ್ತಿ ಬದಿಗಿಟ್ಟು, ವೋಲ್ಟ್‌ಮಾಪಕದ ಎರಡು ಕಡ್ಡಿಗಳನ್ನು ಹಳಿಗಳಿಗೆ ತಾಗಿಸಿ ನೋಡಿದರು. ಹನ್ನೆರಡು ವೋಲ್ಟ್. ಬಯಲಿನಲ್ಲೂ ಹನ್ನೆರಡು, ಏರಿನಲ್ಲೂ ಹನ್ನೆರಡು, ಸುರಂಗದೊಳಗೂ ಹನ್ನೆರಡು! ಹಳಿಯಲ್ಲಿ ದೋಷವಿಲ್ಲವೆಂದ ಮೇಲೆ ವಿದ್ಯುತ್ ಒದಗಿಸುವ ನಿಯಂತ್ರಕವೇ ದುರ್ಬಲವಾಗಿರಬೇಕೆಂದು ಅವರು ತೀರ್ಮಾನಿಸಿದರು. ಅದು ಒಂದು ಆಂಪಿಯರ್ ಸಾಮರ್ಥ್ಯದ್ದು. ಸಂಗತಿಯನ್ನರಿತ ಉದಾರಿ ವರ್ತಕರೊಬ್ಬರು ಐದು ಆಂಪಿಯರಿನ ನಿಯಂತ್ರಕವನ್ನೇ ಕೊಡಿಸಿದರು. ಗಾಡಿ ಮತ್ತೆ ಅದೇ ಜಾಗದಲ್ಲಿ ನಿಂತಿತು.

ಪ್ರದರ್ಶನದ ದಿನ ಆ ದಾನಿಗಳೂ ಪೋಷಕರೂ ಮೇಜಿನ ಸುತ್ತ ನೆರೆದಿದ್ದರು. ಏರಿನ ತುದಿಯಲ್ಲಿ ಒಂದು ಗಾಡಿ ಹಳಿ ತಪ್ಪಿ, ಅದರ ಲೋಹದ ಚಕ್ರ ಎರಡು ಹಳಿಗಳಿಗೂ ಅಡ್ಡಲಾಗಿ ಕುಳಿತುಕೊಂಡಿತು. ಇಂತಹ ಸಂದರ್ಭದಲ್ಲಿ ನಿಯಂತ್ರಕವು ತಾನಾಗಿ ಕಡಿತಗೊಳ್ಳಬೇಕು, ಕಡಿತಗೊಳ್ಳಲಿಲ್ಲ. ಕ್ಷಣಕಾಲದಲ್ಲಿ ಸುಟ್ಟ ವಾಸನೆ ಹಬ್ಬಿತು. ಸುರಂಗದೊಳಗೆ ಹಳಿಯ ಕೆಳಗಿನ ಪ್ಲಾಸ್ಟಿಕ್ ಪಟ್ಟಿಗಳು ಕರಗಿದ್ದವು. “ಇದರ ತಂತಿ ಜೋಡಿಸಿದವರು ಯಾರು?” ಎಂದು ಅಧ್ಯಾಪಕರು ಎಲ್ಲರ ಮುಂದೆ ಗುಡುಗಿದರು. ಹುಡುಗ ಎದ್ದು ನಿಂತನು. ಬೇಜವಾಬ್ದಾರಿ ಎಂಬ ಮಾತು ಅವರ ಬಾಯಿಂದ ಬಂದೇಬಿಟ್ಟಿತು. ಮರುದಿನದಿಂದ ಅವನು ತರಗತಿಗೆ ಬರುತ್ತಿದ್ದನೇ ಹೊರತು ಮೇಜಿನ ಬಳಿ ಸುಳಿಯಲಿಲ್ಲ.

ಶಾಲೆಯ ಹತ್ತಿರವೇ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ವೃದ್ಧರೊಬ್ಬರಿದ್ದರು. ಒಂದು ಸಂಜೆ ಮಾದರಿಯನ್ನು ನೋಡಲು ಬಂದ ಅವರು, ಎಲ್ಲವನ್ನೂ ಕೇಳಿಸಿಕೊಂಡು, “ಅಳೆದದ್ದು ಎಂಜಿನ್ ಓಡುವಾಗಲೋ, ಎತ್ತಿಟ್ಟ ಮೇಲೋ ಮಾಷ್ಟ್ರೇ?” ಎಂದು ಕೇಳಿದರು. ಅಧ್ಯಾಪಕರು ಉತ್ತರಿಸಲಿಲ್ಲ. ಓಮನ ನಿಯಮವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವರು ಅವರು. ಪ್ರವಾಹವಿಲ್ಲದಲ್ಲಿ ರೋಧ ಎಷ್ಟಿದ್ದರೂ ವೋಲ್ಟೇಜು ಕುಸಿಯದು. ವೋಲ್ಟ್‌ಮಾಪಕವು ಎಳೆದುಕೊಳ್ಳುವ ಪ್ರವಾಹವಾದರೋ ಇಲ್ಲವೆನ್ನುವಷ್ಟು ಅಲ್ಪ. ಆದ್ದರಿಂದಲೇ ಅದು ಎಲ್ಲೆಡೆಯೂ ಹನ್ನೆರಡನ್ನು ತೋರಿಸಿತ್ತು.

ಈ ಬಾರಿ ಗಾಡಿಯನ್ನು ಏರಿಗೆ ಬಿಟ್ಟು, ಅದು ಏದುಸಿರುಬಿಡುವಾಗಲೇ ಅಳೆದರು. ಮಾಪಕ ಐದೂವರೆ ವೋಲ್ಟ್ ತೋರಿಸಿತು, ಪ್ರವಾಹ 0.65 ಆಂಪಿಯರ್. ಆರೂವರೆ ವೋಲ್ಟು ದಾರಿಯಲ್ಲೇ ವ್ಯಯವಾಗುತ್ತಿದೆಯೆಂದರೆ ದಾರಿಯ ರೋಧ ಹತ್ತು ಓಂ ಎಂದಾಯಿತು. ನಿಯಂತ್ರಕದಿಂದ ಬಂದ ತಂತಿ ಹಳಿಗೆ ಸೇರಿದ್ದು ಒಂದೇ ಕಡೆ, ನಿಲ್ದಾಣದ ಬಳಿ. ಅಲ್ಲಿಂದ ಸುರಂಗದವರೆಗೆ ಎರಡು ಹಳಿಗಳಲ್ಲೂ ಸೇರಿ ಅರವತ್ತರಷ್ಟು ಸಂಧಿಗಳು. ಹಳಿಯ ಲೋಹಕ್ಕೆ ‘ನಿಕಲ್ ಸಿಲ್ವರ್’ ಎಂದು ಹೆಸರಾದರೂ ಅದರಲ್ಲಿ ಬೆಳ್ಳಿಯ ಲೇಶವೂ ಇಲ್ಲ. ತಾಮ್ರ, ನಿಕಲ್, ಸತುಗಳ ಮಿಶ್ರಣವಾದ ಅದರ ರೋಧ ತಾಮ್ರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಆದರೆ ಮುಖ್ಯ ಕಳ್ಳನಿದ್ದುದು ಸಂಧಿಗಳಲ್ಲಿ. ಹಳಿಯ ಎರಡು ತುಂಡುಗಳನ್ನು ಕೂಡಿಸುವ ತೆಳುವಾದ ಲೋಹದ ಹಿಡಿಕೆಯು ಬರಿಯ ಬಿಗಿತದಿಂದಲೇ ಪ್ರವಾಹವನ್ನು ದಾಟಿಸಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ, ಸಮುದ್ರದ ಉಪ್ಪುಗಾಳಿ ಒಳಕೋಣೆಯ ಬೀಗಕ್ಕೂ ತುಕ್ಕು ಹಿಡಿಸುವ ಈ ಊರಿನಲ್ಲಿ ಆ ಹಿಡಿಕೆಗಳೊಳಗೆ ಕಿಲುಬಿನ ಪದರ ಬೆಳೆಯಲು ಎರಡು ತಿಂಗಳು ಸಾಕು. ಒಂದೊಂದೇ ಸಂಧಿಯ ಆಚೀಚೆ ಅಳೆಯುತ್ತ ಹೋದಾಗ, ಸುರಂಗದೊಳಗಿನ ಎರಡು ಸಂಧಿಗಳೇ ಆರು ಓಂಗಳನ್ನು ಬಚ್ಚಿಟ್ಟುಕೊಂಡಿದ್ದುದು ತಿಳಿಯಿತು. ಕರಗಿದ ಪಟ್ಟಿಗಳಿದ್ದುದೂ ಅಲ್ಲಿಯೇ.

ಪ್ರದರ್ಶನದ ದಿನದ ಅವಘಡದ ಮರ್ಮವೂ ಈಗ ಬಯಲಾಯಿತು. ಹನ್ನೆರಡು ವೋಲ್ಟನ್ನು ಹತ್ತು ಓಂಗೆ ಭಾಗಿಸಿದರೆ 1.2 ಆಂಪಿಯರ್. ಶಾರ್ಟ್ ಸರ್ಕಿಟ್ ಆದರೂ ಅದಕ್ಕಿಂತ ಹೆಚ್ಚಿನ ಪ್ರವಾಹ ಹರಿಯುವಂತಿರಲಿಲ್ಲ. ಐದು ಆಂಪಿಯರಿಗೆ ಕಡಿತಗೊಳ್ಳುವ ಪೆಟ್ಟಿಗೆಗೆ ಅದೊಂದು ದೊಡ್ಡ ಗಾಡಿ ಓಡಿದಂತೆ ಕಂಡಿತು, ಅಷ್ಟೆ. ಹೀಗೆ ಹದಿನಾಲ್ಕು ವಾಟಿನಷ್ಟು ಶಾಖ, ಅದರಲ್ಲಿ ಬಹುಪಾಲು ಆ ಎರಡು ಸಂಧಿಗಳಲ್ಲೇ, ನಿರಾತಂಕವಾಗಿ ಬೇಯಿಸುತ್ತ ಕುಳಿತಿತು. ಹಳೆಯ ಪುಟ್ಟ ಪೆಟ್ಟಿಗೆಯಾಗಿದ್ದರೆ ಬಹುಶಃ ಕಡಿತಗೊಳ್ಳುತ್ತಿತ್ತು. ಪ್ರೀತಿಯಿಂದ ಕೊಟ್ಟ ದೊಡ್ಡ ಪೆಟ್ಟಿಗೆಯೇ ಅಪಾಯವನ್ನು ದೊಡ್ಡದು ಮಾಡಿತ್ತೆಂಬುದನ್ನು ದಾನಿಗಳಿಗೆ ತಿಳಿಸುವುದು ಸುಲಭವಾಗಿರಲಿಲ್ಲ. ಅವರು ನಕ್ಕು, ಹಾಗಾದರೆ ತಂತಿಗೆ ಎಷ್ಟು ಬೇಕು ಎಂದು ಕೇಳಿದರು.

ಬೇಕಾದದ್ದು ಕೆಲವು ಗಜ ತಾಮ್ರದ ತಂತಿ. ಸಿಗ್ನಲಿನ ಹಿರಿಯರು ಹೇಳಿದಂತೆ ನಿಜವಾದ ರೈಲುಮಾರ್ಗದಲ್ಲೂ ಹಳಿಯೇ ವಿದ್ಯುತ್ತಿನ ದಾರಿ. ಗಾಡಿ ಎಲ್ಲಿದೆಯೆಂಬುದನ್ನು ಹಳಿಯ ಪ್ರವಾಹದಿಂದಲೇ ಅರಿಯುವ ‘ಟ್ರ್ಯಾಕ್ ಸರ್ಕಿಟ್’ ಉಪಾಯಕ್ಕೆ 1872ರಲ್ಲೇ ವಿಲಿಯಂ ರಾಬಿನ್ಸನ್ ಎಂಬ ಅಮೆರಿಕದವನು ಪೇಟೆಂಟು ಪಡೆದನು. ಅಲ್ಲಿ ಫಿಶ್‌ಪ್ಲೇಟನ್ನು ಯಾರೂ ನೆಚ್ಚುವುದಿಲ್ಲ. ಸಂಧಿಯನ್ನು ದಾಟಿಸಿ ಪ್ರತ್ಯೇಕ ತಂತಿ ಬಿಗಿಯುತ್ತಾರೆ. ದಾರಿಯಲ್ಲಾಗುವ ನಷ್ಟವನ್ನು ತಗ್ಗಿಸಲೆಂದೇ ರೈಲ್ವೆಯವರು 25,000 ವೋಲ್ಟನ್ನು ಆರಿಸಿಕೊಂಡದ್ದು. ಆರು ಸಾವಿರ ಅಶ್ವಶಕ್ತಿಯ ಎಂಜಿನ್ನಿಗೆ ಆ ಒತ್ತಡದಲ್ಲಿ ಇನ್ನೂರು ಆಂಪಿಯರಿನಷ್ಟು ಸಾಕು. ಬೆಂಗಳೂರಿನ ಮೆಟ್ರೋ ಬಳಸುವ 750 ವೋಲ್ಟಿನಲ್ಲಾದರೆ ಆರು ಸಾವಿರ ಆಂಪಿಯರ್ ಬೇಕಾದೀತು. ಮೆಟ್ರೋ ಮಾರ್ಗದುದ್ದಕ್ಕೂ ಹತ್ತಿರ ಹತ್ತಿರದಲ್ಲೇ ಉಪಕೇಂದ್ರಗಳಿರುವುದು ಇದಕ್ಕಾಗಿಯೇ. ನಮ್ಮ ತೋಕೂರಿನಿಂದ ರೋಹಾದವರೆಗಿನ ಕೊಂಕಣ ರೈಲುಮಾರ್ಗವು 2022ರಲ್ಲಿ ಸಂಪೂರ್ಣ ವಿದ್ಯುದೀಕರಣಗೊಂಡದ್ದೂ ಈ 25,000 ವೋಲ್ಟಿನಲ್ಲೇ.

ಆಟಿಕೆಯ ಹನ್ನೆರಡು ವೋಲ್ಟನ್ನು ಏರಿಸುವಂತಿಲ್ಲ. ಆದುದರಿಂದ ಉಪಕೇಂದ್ರಗಳ ಉಪಾಯವೇ ಉಳಿಯಿತು. ಮೇಜಿನಡಿಯಲ್ಲಿ ಮನೆಗೆ ಬಳಸುವ ಒಂದೂವರೆ ಚದರ ಮಿಲಿಮೀಟರಿನ ಜೋಡಿ ತಂತಿಯನ್ನು ಉದ್ದಕ್ಕೂ ಎಳೆದು, ಅದರಿಂದ ಪ್ರತಿಯೊಂದು ಹಳಿತುಂಡಿಗೂ ಸಣ್ಣ ತಂತಿಯನ್ನು ಬೆಸೆಯಬೇಕು. ಆಮೇಲೆ ಸಂಧಿ ಕಿಲುಬು ಹಿಡಿದರೂ ಚಿಂತೆಯಿಲ್ಲ. ಅರವತ್ತಕ್ಕೂ ಮಿಕ್ಕಿ ಬೆಸುಗೆಗಳು. ಅದೂ ಹಳಿಯ ಹೊರಮೈಗೆ, ಪಟ್ಟಿ ಕರಗದಂತೆ. ಅಧ್ಯಾಪಕರ ಕೈ ವಯಸ್ಸಿನಿಂದ ನಡುಗುತ್ತಿತ್ತು. ಆದರೆ ಅವರು ಬೇರೆ ಹುಡುಗನನ್ನು ಕರೆಯಲಿಲ್ಲ.

ಒಂದು ಭಾನುವಾರ ಅವರು ಬಂದರಿಗೆ ಹೋಗಿ ದೋಣಿ ಹತ್ತಿ ಬೆಂಗ್ರೆಗೆ ಇಳಿದರು. ಹುಡುಗನ ತಂದೆ ಅಂಗಳದಲ್ಲಿ ಬಲೆ ಸರಿಪಡಿಸುತ್ತಿದ್ದವರು ಗಾಬರಿಯಿಂದ ಎದ್ದು, “ಎಂತ ಮಾಷ್ಟ್ರೇ, ಇವ ಏನಾದರೂ ಮಾಡಿದನಾ?” ಎಂದರು.

“ಇವನಲ್ಲ, ತಪ್ಪು ಮಾಡಿದವನು ನಾನು” ಎಂದರು ಅಧ್ಯಾಪಕರು, ಹುಡುಗನಿಗೂ ಕೇಳುವಂತೆ. ದಾನಿಗಳ ಮುಂದೆಯೂ ಅದನ್ನು ಹೇಳಿ ಬಂದಿರುವುದಾಗಿ ತಿಳಿಸಿದರು.

ಹುಡುಗ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಒಳಗಿನಿಂದ ಒಂದು ಪುಸ್ತಕ ತಂದನು. ಜೂನ್ ಮೊದಲ ವಾರದಿಂದ ದಿನದಿನವೂ ಗಾಡಿ ನಿಂತ ಜಾಗವನ್ನು ಅದರಲ್ಲಿ ಗುರುತಿಸಲಾಗಿತ್ತು. ಮಳೆ ಜೋರಾದಂತೆ ಆ ಗುರುತು ಕೆಳಕೆಳಗೆ ಸರಿದಿತ್ತು. ಒಂದೆಡೆ ‘ಸಂಧಿ?’ ಎಂದು ಬರೆದು ಅಡಿಗೆರೆ ಎಳೆದಿದ್ದನು.

“ಇದನ್ನು ನನಗೆ ಯಾಕೆ ತೋರಿಸಲಿಲ್ಲ ಮಾರಾಯ?”

“ಮೀಟರಿನಲ್ಲಿ ಹನ್ನೆರಡು ಉಂಟು ಅಂತ ನೀವೇ ಹೇಳಿದ್ರಿ ಸರ್.”

ಬೆಸುಗೆಯ ಕೆಲಸಕ್ಕೆ ಹತ್ತು ಸಂಜೆಗಳು ಹಿಡಿದವು. ಏರಿನ ತುದಿಯಲ್ಲಿ, ಎಂಜಿನ್ ನಾಲ್ಕು ಗಾಡಿಗಳನ್ನೆಳೆಯುವಾಗ, ಮಾಪಕ 11.7 ವೋಲ್ಟ್ ತೋರಿಸಿತು. ಅಧ್ಯಾಪಕರು ದೊಡ್ಡ ಪೆಟ್ಟಿಗೆಯನ್ನು ಕಳಚಿಟ್ಟು ಹಳೆಯ ಒಂದು ಆಂಪಿಯರಿನದನ್ನೇ ಮತ್ತೆ ಜೋಡಿಸಿದ್ದರು. ಹುಡುಗನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಸಿಗ್ನಲಿನ ಅಜ್ಜನ ಬಳಿ ಒಂದು ರೂಪಾಯಿಯ ನಾಣ್ಯ ಕೇಳಿ ಪಡೆದು, ಅಡಿಗೊಂದರಂತೆ ಅದನ್ನು ಹಳಿಗಳಿಗೆ ಅಡ್ಡಲಾಗಿಟ್ಟು, ಪ್ರತಿ ಸಲವೂ ಪೆಟ್ಟಿಗೆ ‘ಟಕ್’ ಎಂದು ಕಡಿತಗೊಳ್ಳುವುದನ್ನು ಕಿವಿಗೊಟ್ಟು ಕೇಳುತ್ತ, ನಿಲ್ದಾಣದಿಂದ ಸುರಂಗದ ಆಚೆಯವರೆಗೂ ಸಾಗಿದನು.